ನಡುಗೋಡೆ ಒಡೆಸಿದ ಮನಿ

ರೀ,

ನಾನು ಭೈರವಾನಿತಿಪ್ಪದ ಬಸ್ಸಿಗೆ ಹೊಂಟೀನಿ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ಉಂಡು ಬಿ.ಪಿ. ಮಾತ್ರೆ ತಗೊಳ್ರಿ.

ನಾವು ಮಾರಾಕಿಟ್ಟ ಕೋಟೆ ಕೆಳಗಿನ ಮನಿ ಕೀಲಿ ಹುಡುಕಬ್ಯಾಡ್ರಿ, ನನ್ನ ಹತ್ರ ಐತಿ. ಬೆಳಿಗ್ಗೆ ಕಸ ಗುಡಿಸಾಕ ಹೋಗಿದ್ದೆ. ಹಾಲ್ ದೊಡ್ಡದು ಕಾಣ್ಲಿ ಅಂತ ನೀವು ನಡುಗೋಡೆ ಒಡೆಸಿದ್ರಲ್ಲ, ಅಲ್ಲೇ ಮಾಳಿಗಿ ಮತ್ತೆ ಬಿರುಕು ಬಿಟ್ಟೈತಿ. ನಿನ್ನೆ ಮೆತ್ತಿಸಿದ ಪುಟ್ಟಿ, ಬಣ್ಣ ಎಲ್ಲ ನೆಲದ ಮ್ಯಾಲೆ ಬಿದ್ದಿತ್ತು. ನಾ ನೋಡ್ತಿದ್ದಂಗೇ ಮಣ್ಣು ಉದುರ್ತು.

ಪೇಂಟರ್‌ನ ಮತ್ತೆ ಕರೀಬ್ಯಾಡ್ರಿ. ಮೇಸ್ತ್ರಿ ತಿಪ್ಪಯ್ಯನ್ನ ಸಂಜಿಗೆ ಬರಾಕ ಹೇಳ್ರಿ, ಮಾಳಿಗಿಗೆ ಆಸರೆ ಕಂಬ ಕೊಡಿಸೋಣ.

ಮನಿ ಕೊಳ್ಳಾಕ ಬಂದಿದ್ದ ಹನುಮಂತು, ಮೌನಿಕಾ ನಾಳೆ ಅಡ್ವಾನ್ಸ್ ತರ್ತಾರ. ಆಕಿ ಬಸುರಿ. "ಅಕ್ಕಾ, ತೊಟ್ಲು ಈ ಹಾಲ್‌ನ್ಯಾಗೇ ಕಟ್ತೀವಿ" ಅಂದಾಗ ನೀವು ಬಿರುಕಿನ ಮಾತು ಯಾಕ ಮುಚ್ಚಿಟ್ರಿ? ಭೈರವಾನಿತಿಪ್ಪದಾಗ ಅವರ ಮನಿಗೇ ಹೋಗಿ ಇದ್ದದ್ದು ಇದ್ದಂಗ ಹೇಳಿ ಬರ್ತೀನಿ. ಬ್ಯಾಡ ಅಂದ್ರ ಅನ್ಲಿ. ಮನಿ ಕೊಂಡು ರಿಪೇರಿ ಮಾಡಿ ಮಾರೋದು ನಮಗ ಇದೇ ಮೊದಲು. ಅಂಜಿಕಿ ನನಗೂ ಐತ್ರಿ.

ಫೋನ್ ಆಫ್ ಮಾಡೀನಿ. ಸಿಟ್ಟಿಗಲ್ಲ. ನಿಮ್ಮ ದನಿ ಕೇಳಿದ್ರ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ, ಅದಕ್ಕ.

ರೇಖಾ