ಏಸಿಗೆ ಸಿಕ್ಕ ಬಿಲ್ವಪತ್ರೆ

ಪಲ್ಲವಿ,

ಪಿಕಪ್‌ನ ಏಸಿ ಸರಿಹೋಯಿತು. ಗ್ಯಾಸ್ ಖಾಲಿಯಾಗಿರಲಿಲ್ಲ. ನೀನು ಸೋಮವಾರ ಸೋಮವಾರ ನಂಜನಗೂಡಿನಿಂದ ತಂದು ಮುಂದಿನ ಗಾಜಿನ ಬುಡಕ್ಕೆ ಹೊರಗಡೆ ಇಡುವ ಹೂವು, ಪತ್ರೆ ಎಲ್ಲ ಗಾಳಿ ಎಳೆಯುವ ಜಾಲರಿಯೊಳಗೆ ಬಿದ್ದು, ಕೊಳೆತು, ಫ್ಯಾನಿಗೆ ಸುತ್ತಿಕೊಂಡಿದ್ದವು. ಒಂದು ಮೊರದಷ್ಟು ತೆಗೆದೆ.

ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ನೀನು ಕರೆದುಕೊಂಡು ಹೋಗು. ನಾನು ನರಸೀಪುರದ ಕೆಲಸ ಮುಗಿಸಿ ನೇರ ಅಲ್ಲಿಗೇ ಬರುತ್ತೇನೆ.

ಮೊದಲು ಕಿಟಕಿ ಗಾಜು ಇಳಿಸಿ ಬಿಸಿಗಾಳಿ ಹೊರಗೆ ಬಿಡು, ಆಮೇಲೆ ಏಸಿ ಹಾಕು. ನಾಬ್ ನೀಲಿ ಕಡೆಗೇ ಇರಲಿ. ಅವ್ವ "ಚಳಿ ಆಯ್ತದೆ ಕಣವ್ವ" ಅಂತ ಕೆಂಪಿಗೆ ತಿರುಗಿಸಿ, ಆಮೇಲೆ "ಏಸಿ ಕೆಟ್ಟೋಯ್ತು" ಅನ್ನುತ್ತಾಳೆ.

ಇನ್ನು ಮೇಲೆ ಗಾಜಿನ ಬುಡಕ್ಕೆ ಏನನ್ನೂ ಇಡಬೇಡ.

ಇವತ್ತಿನ ಹೂವನ್ನು ನಾನೇ ಒಳಗಿನ ಕನ್ನಡಿಗೆ ಕಟ್ಟಿದ್ದೇನೆ. ಅವ್ವನ ಆಪರೇಷನ್ ಇದೆಯಲ್ಲ. ನಗಬೇಡ.

ಅಣ್ಣ