ತುಂಬಿದ ಬೆಂಚು

ಮಾರ್ಚ್ ೧೨, ಗುರುವಾರ, ರಾತ್ರಿ

ಪಕ್ಕದಂಗಡಿ ಟೈಲರ್‌ನ ಆ ಅರ್ಧ ಗಡ್ಡ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಸುರಂಗ ರೈಲಿಗೆಂದು ರಸ್ತೆ ಅಗೆದು ತಗಡು ನಿಲ್ಲಿಸಿದ ಮೇಲೆ ನನ್ನ ಕ್ಷೌರದಂಗಡಿಯಲ್ಲಿ ಗಿರಾಕಿಯ ನೆರಳೂ ಬಿದ್ದಿಲ್ಲ. ಬರುವವರು ಅಕ್ಕಪಕ್ಕದ ಅಂಗಡಿಯವರೇ. ಅವರಿಗೂ ಕೆಲಸವಿಲ್ಲ, ನನ್ನಲ್ಲಿ ಫ್ಯಾನ್ ಇದೆ. ಕೈ ಜಡ್ಡುಗಟ್ಟಬಾರದೆಂದು ದಿನಕ್ಕೊಬ್ಬರಿಗೆ ಪುಕ್ಕಟೆ ಗಡ್ಡ ಹೆರೆಯುತ್ತೇನೆ. ಇವತ್ತು ಟೈಲರ್‌ನ ಸರದಿ.

ಅವನ ಒಂದು ಕೆನ್ನೆ ಮುಗಿದಿತ್ತು. ವ್ಯಾಪಾರ ಬಿದ್ದ ಅಂಗಡಿಗಳಿಗೆ ರೈಲಿನವರು ಕೊಡುವ ಬಾಡಿಗೆ ಪರಿಹಾರಕ್ಕೆ ನಾನೂ ಅರ್ಜಿ ಹಾಕಿದ್ದೆ; ಅದರ ತನಿಖೆಗೆ ಸಾಹೇಬರು ಆಗಲೇ ಬರಬೇಕೇ! ಬೆಂಚಿನ ತುಂಬ ಜನ, ನನ್ನ ಕೈಯಲ್ಲಿ ಕತ್ತಿ.

"ಪರವಾಗಿಲ್ವೇ, ವ್ಯಾಪಾರ ಜೋರಾಗೇ ಇದೆ!" ಅಂದರು.

"ಅಯ್ಯೋ, ಇವರ್ಯಾರೂ ಗಿರಾಕಿಗಳಲ್ಲ ಸಾರ್. ಸುಮ್ನೆ ಕೂತಿದಾರೆ."

"ಸುಮ್ನೆ ಕೂತೋರಿಗೆ ಸೋಪ್ ಹಚ್ತೀರಾ? ಯಾರ ಕಿವಿಗೆ ಹೂ ಇಡ್ತಿದೀರಿ? ನಿಮಗೆ ಪರಿಹಾರ ಬರೆಯೋಕಾಗಲ್ಲ."

ಫೋಟೋ ಹೊಡೆದುಕೊಂಡು ಹೊರಟೇಬಿಟ್ಟರು. ಟೈಲರ್ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದ.

"ಇನ್ನೊಂದು ಕೆನ್ನೆ ಹಾಗೇ ಇದೆ, ಕೂತ್ಕೊಳೋ," ಅಂದೆ.

"ಬೇಡಣ್ಣ. ನಮ್ಮಿಂದ ನಿಂಗೆ ಇಷ್ಟಾಗಿದ್ದೇ ಸಾಕು."

ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನ ಮುಖ ನೋಡಲಿಲ್ಲ.

"ಇನ್ನೊಂದ್ಸಲ ಅರ್ಜಿ ಹಾಕಿ," ಅನ್ನುತ್ತಾಳೆ ಹೆಂಡತಿ. ಅರ್ಜಿಗೆ ಬೆಂಕಿ ಬೀಳಲಿ. ಆದರೂ ಹಾಕುತ್ತೇನೆ, ಬೇರೆ ದಾರಿ ಏನಿದೆ? ಈ ಸಲ ಸಿಕ್ಕರೂ ಸಿಗಬಹುದು. ನಾಳೆಯಿಂದ ಅವರ್ಯಾರೂ ಬರುವುದಿಲ್ಲ. ಸಾಹೇಬರಿಗೆ ಬೇಕಾದ ಹಾಗೆ ಅಂಗಡಿ ಖಾಲಿ ಇರುತ್ತದೆ. ಫ್ಯಾನ್ ಹಾಕಿಕೊಂಡು ಒಬ್ಬನೇ ಆ ಬೆಂಚು ನೋಡುತ್ತ ಕೂತಿರುತ್ತೇನೆ.