ಅರ್ಧ ಬಟ್ಟಲಿಗೇ ಹೊಟ್ಟೆ ತುಂಬಿತು

ಬ್ಯಾಡಗಿ
೨೨-೧-೨೦೨೬, ಗುರುವಾರ

ಪ್ರೀತಿಯ ಸುಚಿತ್ರಾಗೆ,

ನಿನ್ನ ವೈನಿ ಸುಧಾರಾಣಿ ಬರೆಯುವುದು. 'ಇತ್ತ ಎಲ್ಲರೂ ಕ್ಷೇಮ' ಎಂದು ಶುರು ಮಾಡಬೇಕಿತ್ತು. ಅಷ್ಟು ದೊಡ್ಡ ಸುಳ್ಳನ್ನು ಮೊದಲ ಸಾಲಿಗೇ ಬರೆಯಲು ಕೈ ಬರಲಿಲ್ಲ. ನೀನು ನನ್ನ ಫೋನ್ ಎತ್ತುವುದಿಲ್ಲ. ನಿನ್ನ ಅಣ್ಣ ಮಾಡಿದರೆ ಅವ್ವ ಹೇಗಿದ್ದಾಳೆ ಎಂದು ಕೇಳಿ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನಾಳೆ ಮಲಂಗಸಾಬ ಟೆಂಪೊ ತೆಗೆದುಕೊಂಡು ರಾಣೇಬೆನ್ನೂರಿಗೆ ಬರುತ್ತಾನೆ. ನಿನ್ನ ಕೈಗೇ ಕೊಡಬೇಕು, ನಿನ್ನ ಅತ್ತೆಯ ಕೈಗಲ್ಲ ಎಂದು ಎರಡು ಸಲ ಹೇಳಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಸೋಮವಾರ ನಿನ್ನ ಅವ್ವನನ್ನು ಹಾವೇರಿಗೆ ಒಯ್ದಾಗ ಡಾಕ್ಟರು, ಇನ್ನು ಅವರನ್ನು ಎತ್ತಿಕೊಂಡು ಓಡಾಡಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಹದಿನೈದು ದಿನವಂತೆ, ಬಹಳವೆಂದರೆ ಇಪ್ಪತ್ತು. ನಿನಗೆ ದಿನ ತುಂಬುವುದು ಫೆಬ್ರುವರಿ ಕೊನೆಗೆ. ನಾನು ಬೆರಳು ಮಡಚಿ ಮಡಚಿ ಎಣಿಸಿದೆ, ಎಷ್ಟು ಎಣಿಸಿದರೂ ಕೂಡಿ ಬರಲಿಲ್ಲ. ನಿನ್ನ ಕೂಸನ್ನು ನಿನ್ನ ಅವ್ವ ನೋಡುವುದಿಲ್ಲ, ಸುಚಿತ್ರಾ. ನಿನ್ನನ್ನಾದರೂ ನೋಡಲಿ ಎಂದು ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಆಸ್ಪತ್ರೆಯಲ್ಲಿ ನೀನು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ನಮ್ಮವ್ವಗ ಸೂಪ್ ಸೂಪ್ ಅಂತ ನೀರು ಕುಡಿಸಿ ಒಣಗಿಸಿದಿ. ನಿನ್ನ ಹೆತ್ತವ್ವ ಆಗಿದ್ರ ಹಿಂಗ ಮಾಡ್ತಿದ್ದೇನು?" ಎಂದೆ. ನಾನು ನಿನ್ನ ಅಣ್ಣನ ಕೈ ಹಿಡಿದು ಬಂದ ಮೇಲೆ ಹದಿನಾಲ್ಕು ವರ್ಷ 'ವೈನಿಯವರ' ಎಂದು ಕರೆದವಳು ಅಂದು ಹಾಗೆ ಕೇಳಿದೆ. ನನ್ನ ಹೆತ್ತವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದಳು. ನನ್ನ ಎರಡೂ ಬಾಣಂತನ ಮಾಡಿದವರು ನಿನ್ನ ಅವ್ವ. ಇದು ನಿನಗೆ ಗೊತ್ತಿದೆ, ಗೊತ್ತಿದ್ದೇ ಕೇಳಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಗೆ ಎರಡೂ ಕೂಡಿಯೇ ಬಂದವು.

ಸೂಪು ಎಲ್ಲಿಂದ ಬಂತು ಎಂಬುದನ್ನಾದರೂ ನೆನಪು ಮಾಡಿಕೊ. ಪಂಚಮಿಗೆ ಹದಿನೈದು ದಿನ ಮೊದಲು, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಿನಗೆ ಬಸಿರು ನಿಂತಿದೆ ಎಂಬ ಸುದ್ದಿ ಬಂತು. ನಿನ್ನ ಅವ್ವ, ನಮ್ಮ ಅತ್ತೆ, ಅಂದೇ, "ಆ ಕೂಸಿಗೆ ನಾನ ಎರಿಯಾಕಿ" ಎಂದರು. ನೀರು ಎರೆಯಬೇಕೆಂದರೆ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಬೇಕು. ಅವರ ಮೊಣಕಾಲೋ, ಕಟ್ಟಿಗೆಯಾಗಿದ್ದವು. ಡಾಕ್ಟರು, ಆಪರೇಷನ್ ಮಾಡುತ್ತೇವೆ, ಆದರೆ ಎಂಬತ್ತಾರು ಕಿಲೊ ಇರುವವರು ಎಪ್ಪತ್ತೆರಡಕ್ಕೆ ಇಳಿಯಲಿ ಎಂದರು. ಆಪರೇಷನ್ ಆದರೂ ನೆಲಕ್ಕೆ ಕೂರುವಂತಿಲ್ಲ ಎಂದೂ ಹೇಳಿದರು. ಅತ್ತೆ ಬಿಡಲಿಲ್ಲ, ಬಡಿಗೇರ ಫಕ್ಕೀರಸಾಬನಿಗೆ ಹೇಳಿ ಒಂದು ಗಿಡ್ಡ ಸ್ಟೂಲು ಮಾಡಿಸಿದರು. ಈಗಲೂ ಬಚ್ಚಲಲ್ಲಿದೆ. ಅದರ ಮೇಲೆ ನಾನು ಸೋಪು ಇಡುತ್ತೇನೆ.

ಆಗ ದಿನಕ್ಕೊಂದು ಸೂಪಿನ ವಿಡಿಯೊ ಕಳಿಸಿದವಳು ನೀನು. ತಪ್ಪು ಹೊರಿಸುತ್ತಿಲ್ಲ, ಒಳ್ಳೆಯದಕ್ಕೇ ಕಳಿಸಿದೆ. ಸೋರೆಕಾಯಿ, ಗಜ್ಜರಿ, ನುಗ್ಗೆಸೊಪ್ಪು, ಟೊಮೆಟೊ. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ತೆಳ್ಳಗಾದರೆ ಬೇಗ ಹಸಿವಾಗುತ್ತದೆ ಎಂದು ನಾನೇ ಒಂದು ಹಿಡಿ ಹೆಸರುಬೇಳೆ ಕುದಿಸಿ, ಕಡೆದು ಕೂಡಿಸುವುದನ್ನು ಕಂಡುಕೊಂಡೆ. ದಪ್ಪಗೆ ಬರುತ್ತಿತ್ತು. ಒಂದು ದಿನ ಹುರುಳಿ ಕಟ್ಟು, ಒಂದು ದಿನ ಎಲೆಕೋಸು. ಅತ್ತೆ ಮೊದಲ ದಿನ ಬಟ್ಟಲು ನೋಡಿ, "ರೊಟ್ಟಿ ಇಲ್ಲದ ಸಾರಿಗೆ ಸೂಪ್ ಅಂತಾರೇನವಾ?" ಎಂದು ನಕ್ಕರು. ನಕ್ಕರೂ ಕುಡಿದರು. ಈ ಸಲದ ಪಂಚಮಿ ಉಂಡಿಯನ್ನು ಮುಟ್ಟಿಯೂ ನೋಡಲಿಲ್ಲ. ಶೇಂಗಾ ಉಂಡಿ ಅಂದರೆ ಅವರು ಹೇಗೆ ಎಂದು ನಿನಗೆ ಹೇಳಬೇಕೆ?

ತೂಕ ನೋಡಲು ನಮ್ಮ ಮನೆಯಲ್ಲಿ ಆ ಸಣ್ಣ ಮಷೀನು ಎಲ್ಲಿದೆ? ಸೋಮವಾರ ಮತ್ತು ಗುರುವಾರ, ಮಾರುಕಟ್ಟೆಯ ದಿನ, ಗೋದಾಮಿನಲ್ಲಿ ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆಯೇ ಅತ್ತೆಯನ್ನು ನಿಲ್ಲಿಸುತ್ತಿದ್ದೆವು. ಮಾವ ಕನ್ನಡಕ ಏರಿಸಿ ಅಂಕಿ ನೋಡಿ ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಚೀಲದ ತೂಕ ಕಳೆದ ಹಾಗೆ ಸೀರೆಯ ತೂಕ ಅರ್ಧ ಕಿಲೊ ಕಳೆಯುತ್ತಿದ್ದರು. ಎಂಬತ್ತಾರು, ಎಂಬತ್ಮೂರೂವರೆ, ಎಂಬತ್ತೊಂದು. ಪ್ರತಿ ಅಂಕಿಗೆ ಹಮಾಲರೂ ಕೈ ತಟ್ಟುತ್ತಿದ್ದರು. ಮಾವ, "ಹಸಿ ಹೋದ್ರನ ಕಾಯಿಗೆ ಬಣ್ಣ" ಎನ್ನುತ್ತಿದ್ದರು. ಹಸಿ ಕಾಯಿ ತೂಗಿದರೆ ಮೋಸ, ಒಣಗಿದ್ದೇ ಚೊಕ್ಕ ಮಾಲು ಎಂದು ಮೂರು ತಲೆಮಾರು ವ್ಯಾಪಾರ ಮಾಡಿದ ಮನೆ ನಮ್ಮದು. ಒಂದು ಹಿಡಿ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದರೆ ಸಾಕು, ಎಷ್ಟು ಹಸಿ ಉಳಿದಿದೆ ಎಂದು ಮಾವ ಹೇಳುತ್ತಾರೆ. ಹೆಂಡತಿಯ ಕೈ ಹಿಡಿದು ಕಾಟಾದಿಂದ ಇಳಿಸುವಾಗ ಅವರಿಗೂ ತಿಳಿಯಲಿಲ್ಲ. ಇಳಿದದ್ದೆಲ್ಲ ಲಾಭ ಎಂದುಕೊಂಡೆವು.

ದಸರೆ ಹೊತ್ತಿಗೆ ಅತ್ತೆ ಅರ್ಧ ಬಟ್ಟಲಿಗೇ ಸಾಕು ಎನ್ನತೊಡಗಿದರು. "ಹೊಟ್ಟಿ ತುಂಬೇತಿ ಸುಧಾ, ಭಾಳ ತುಂಬೇತಿ." ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು ಎಂದು ನಾನು ತಮಾಷೆ ಮಾಡಿದೆ. ನಿನಗೆ ಫೋನ್ ಮಾಡಿ, ನೋಡು, ನನ್ನ ಸೂಪು ಅರ್ಧ ಬಟ್ಟಲಿಗೇ ಹೊಟ್ಟೆ ತುಂಬಿಸುತ್ತದೆ ಎಂದು ಕೊಚ್ಚಿಕೊಂಡೆ. ನೀನು ಚಪ್ಪಾಳೆಯ ಚಿತ್ರ ಕಳಿಸಿದೆ. ಆ ಹೊಟ್ಟೆಯೊಳಗೆ ಗಂಟು ಬೆಳೆದು, ಜಾಗ ಉಳಿಯದೆ ತುಂಬಿತ್ತು. ಈಗ ಆ ಮಾತು ನೆನಪಾದರೆ ಒಲೆ ಮುಂದೆ ನಿಲ್ಲಲಾಗುವುದಿಲ್ಲ. ಕಡೆಗೋಲು ತೊಳೆದು ಅಟ್ಟಕ್ಕೆ ಹಾಕಿದ್ದೇನೆ.

ನವೆಂಬರ್ ಕೊನೆಗೆ ಎಪ್ಪತ್ತೆರಡು ಬಂತು. ಮಾವ ಪೇಡೆ ಹಂಚಿದರು. ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆಂದು ಹೋದೆವು, ಉಳಿದದ್ದು ನಿನಗೆ ಗೊತ್ತು. ಎರಡು ತಿಂಗಳು ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದಾಗ ನೀನು ನನ್ನತ್ತ ತಿರುಗಿದೆ. ಅಡುಗೆ ಮಾಡಿದವಳು ನಾನು, ಬಟ್ಟಲು ತೊಳೆದವಳು ನಾನು, ನನಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು ಎಂದು ನೀನು ಕೇಳಿದ್ದು ಸರಿ. ಆದರೆ ಸುಚಿತ್ರಾ, ನನಗೆ ಏನೂ ಗೊತ್ತಿರಲಿಲ್ಲ. ಎಲ್ಲರಂತೆ ನಾನೂ ಗೋಡೆಯ ಅಂಕಿಯನ್ನೇ ನೋಡುತ್ತಿದ್ದೆ.

ಈಗ ಅವರು ದಿನಕ್ಕೆ ನಾಲ್ಕು ಚಮಚ ಗಂಜಿ ತಿಳಿ ಕುಡಿದರೆ ಹೆಚ್ಚು. ಮೊನ್ನೆ, "ನನ್ನ ಕಾಟಾದ ಮ್ಯಾಲೆ ನಿಲ್ಲಸ್ರಿ, ಎಷ್ಟಾಗೇನಿ ನೋಡೂಣು" ಎಂದರು. ಮಾವ ಕಾಟಾ ಕೆಟ್ಟಿದೆ ಎಂದು ಹೇಳಿ ಹೊರಗೆ ಹೋದರು. ಇವತ್ತು ಮಾರುಕಟ್ಟೆ, ಹೊಸ ಕಾಯಿ ಬಂದಿದೆ, ಅದೇ ಕಾಟಾ ಬೆಳಗಿನಿಂದ ತೂಗುತ್ತಲೇ ಇದೆ. ಸದ್ದು ಅತ್ತೆಯ ಕೋಣೆಗೆ ಕೇಳಿಸುತ್ತದೆ.

ಬಸುರಿ ಸಾಯುವವರ ಮುಖ ನೋಡಬಾರದು ಎಂದು ನಿನ್ನ ಅತ್ತೆ ತಡೆದಿದ್ದಾರಂತೆ. ಹಿರಿಯರು, ನಾನು ಏನು ಹೇಳಲಿ. ಸೀಮಂತದ ಕುಬಸಕ್ಕೂ ನಿನ್ನ ಅವ್ವನಿಗೆ ಬರಲಾಗಲಿಲ್ಲ, ತಾವು ಆರಿಸಿದ ಹಸಿರು ಸೀರೆ ಉಟ್ಟ ನಿನ್ನ ಫೋಟೊವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಬಾಗಿಲು ಸದ್ದಾದರೆ, "ಸುಚಿತ್ರಾ ಬಂದ್ಲೇನ?" ಎನ್ನುತ್ತಾರೆ. ನನ್ನ ಮುಖ ನೋಡುವುದು ಬೇಡವಾದರೆ ನೀನು ಬರುವ ದಿನ ನಾನು ಗುತ್ತಲಕ್ಕೆ, ನನ್ನ ಅಣ್ಣನ ಮನೆಗೆ ಹೋಗಿರುತ್ತೇನೆ. ಬಾ ತಾಯಿ. ನನ್ನ ಮೇಲಿನ ಸಿಟ್ಟು ನನ್ನ ಮೇಲೆಯೇ ಇರಲಿ, ಅವರ ಮೇಲೆ ತೀರಿಸಬೇಡ.

ನಿನ್ನ ದಾರಿ ಕಾಯುವ
ವೈನಿ
ಸುಧಾರಾಣಿ

ತಾ.ಕ.: ಸಹಿ ಹಾಕಿ ಮಡಚಿದ್ದೆ. ಮತ್ತೆ ಬಿಚ್ಚಿದೆ. ಮೇಲೆ 'ನನಗೆ ಏನೂ ಗೊತ್ತಿರಲಿಲ್ಲ' ಎಂದು ಬರೆದಿದ್ದೇನೆ. ಅದು ಸುಳ್ಳು.

ಆಯುಧ ಪೂಜೆಯ ದಿನ ಎಲ್ಲರೂ ಗೋದಾಮಿನಲ್ಲಿ ಕಾಟಾಕ್ಕೆ ಚೆಂಡುಹೂ ಕಟ್ಟುತ್ತಿದ್ದಾಗ ಅತ್ತೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡರು. ಕಪ್ಪಗಿತ್ತು, ರಕ್ತ. ಹದಿನೈದು ದಿನದಿಂದ ಆಗುತ್ತಿದೆ ಎಂದು ಆಗ ಹೇಳಿದರು. ನಾನು ಓಡಿಹೋಗಿ ನಿನ್ನ ಅಣ್ಣನನ್ನು ಕರೆಯಬೇಕೆನ್ನುವಷ್ಟರಲ್ಲಿ ಕೈ ಹಿಡಿದು ನಿಲ್ಲಿಸಿದರು. "ಸುಚಿತ್ರಾನ ಹೊಟ್ಟ್ಯಾಗಿನ ಕೂಸಿನ ಆಣಿ ಐತಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಇನ್ನ ಏಳು ಕಿಲೊ ಉಳದೈತಿ. ಈಗ ಹೇಳಿದ್ರ ಆಪರೇಷನ್ ನಿಲ್ಲಸ್ತಾರ. ಅದೊಂದ್ ಆಗ್ಲಿ, ಆಮ್ಯಾಲೆ ನಾನ ಹೇಳತೀನಿ" ಎಂದರು. ಬೇರೆ ಯಾರ ಆಣೆಯಾಗಿದ್ದರೂ ಮುರಿಯುತ್ತಿದ್ದೆ. ಹನ್ನೊಂದು ವರ್ಷದ ಮೇಲೆ ಬಂದ ಕೂಸು. ನೀರು ಹಾಕಿ ಹಿತ್ತಲು ತೊಳೆದೆ, ಒಳಗೆ ಬಂದು ಸೂಪಿಗೆ ಇಟ್ಟೆ. ಡಾಕ್ಟರು ಹೇಳಿದ ಎರಡು ತಿಂಗಳು ಅಂದಿನಿಂದಲೇ ಲೆಕ್ಕ.

ಈಗ ಬರೆದೆ, ಆಣೆ ಮುರಿಯಿತು. ಅದು ಕೂಸಿಗೆ ತಟ್ಟಬಾರದೆಂದರೆ ಇಟ್ಟ ಆಣೆಯನ್ನು ಇಟ್ಟವರೇ ಇಳಿಸಬೇಕು, ನಿನ್ನ ಹೊಟ್ಟೆಯ ಮೇಲೆ ಕೈ ಇಟ್ಟು ಇಳಿಸಬೇಕು. ಹೆದರಿಸಿ ಕರೆಸುತ್ತಿದ್ದಾಳೆ ಎಂದುಕೊ, ಹೌದು, ಹೆದರಿಸಿಯೇ ಕರೆಸುತ್ತಿದ್ದೇನೆ. ಇದನ್ನೇ ನಿನ್ನ ಅತ್ತೆಗೂ ಹೇಳು, ಬಿಡುತ್ತಾರೆ. ಬೇಗ ಬಾ. ಅವರ ಬಲಗೈ ಇನ್ನೂ ಮೇಲೇಳುತ್ತದೆ.